ಅಕ್ಕ ಹೇಳಿದ ‘ಇಲ್ಲ’

ಎಡಗಂಕುಳಲ್ಲಿ ಕೈಗೆ ಸಿಗುವಂಥ ಗಂಟೊಂದು ಎದ್ದಿದೆಯೆಂದು ಅಕ್ಕ ಅಂಕೋಲೆಯಿಂದ ಕಾರವಾರಕ್ಕೆ ಬಂದದ್ದು ಈ ಸೋಮವಾರ. 2011ರಲ್ಲಿ ಅದೇ ಬದಿಯ ಸ್ತನವನ್ನು ಕ್ಯಾನ್ಸರ್ ಕಾರಣಕ್ಕೆ ತೆಗೆಸಿದ್ದರಿಂದ, ನಾವೆಲ್ಲ ಬಾಯಿಬಿಟ್ಟು ಹೇಳದೆಯೇ ಒಂದೇ ವಿಷಯವನ್ನು ಯೋಚಿಸುತ್ತಿದ್ದೆವು. ಚೀಟಿಯಲ್ಲಿ ಕಂಕುಳಿನ ಅಲ್ಟ್ರಾಸೌಂಡ್ ಎಂದಷ್ಟೇ ಬರೆದಿತ್ತು. ಪರೀಕ್ಷಿಸುತ್ತಿದ್ದ ತರುಣ ವೈದ್ಯರು ನಡುವೆ ಕೈ ನಿಲ್ಲಿಸಿ, “ಆಪರೇಷನ್ ಆದ ಜಾಗದಲ್ಲಿ ಒಳಗೆ ಏನಾದರೂ ಇಡಿಸಿಕೊಂಡಿದ್ದೀರಾ?” ಎಂದು ಕೇಳಿದರು. ಅಕ್ಕ “ಇಲ್ಲ” ಎಂದಳು. ಅವಳ ತಲೆಯ ಬಳಿ ನಿಂತಿದ್ದ ನಾನು “ಇದೆ” ಎಂದೆ.

ವೈದ್ಯರು ಒಮ್ಮೆ ಅವಳ ಮುಖವನ್ನೂ ಒಮ್ಮೆ ನನ್ನ ಮುಖವನ್ನೂ ನೋಡಿದರು. ಅಕ್ಕ ಗೋಡೆಯ ಕಡೆಗೆ ತಿರುಗಿಕೊಂಡಳು.

ಆ ‘ಇಲ್ಲ’ ಹೇಗೆ ಹೊರಟಿತೆಂಬುದು ನನಗೆ ಗೊತ್ತು. ನಮಗೂ ಹೊರಗಿನ ಬೆಂಚಿಗೂ ನಡುವೆ ಇದ್ದದ್ದು ಒಂದು ಹಸಿರು ಬಟ್ಟೆಯ ಪರದೆ ಮಾತ್ರ. ಬೆಂಚಿನ ಮೇಲೆ ಭಾವನ ಸೋದರತ್ತೆಯ ಸೊಸೆ ತನ್ನ ಸರದಿಗಾಗಿ ಕಾಯುತ್ತಿದ್ದಳು. ಅಕ್ಕನಿಗೆ ಕ್ಯಾನ್ಸರ್ ಆಗಿತ್ತೆಂಬುದು ಅವರ ಬಳಗಕ್ಕೆಲ್ಲ ಗೊತ್ತು; ಬೇಕಾದಷ್ಟು ಎಳನೀರನ್ನೂ ಕನಿಕರವನ್ನೂ ಆಗ ಹೊತ್ತು ತಂದವರೇ ಅವರು. ಸ್ತನವಿದ್ದ ಜಾಗದಲ್ಲಿ ಸಿಲಿಕೋನ್ ಇಂಪ್ಲಾಂಟ್, ಅಂದರೆ ಜೆಲ್ ತುಂಬಿದ ಚೀಲ, ಇಡಿಸಿಕೊಂಡದ್ದು ಮಾತ್ರ ಭಾವನಿಗೆ, ಮಗಳಿಗೆ ಮತ್ತು ನನಗೆ ಬಿಟ್ಟರೆ ಯಾರಿಗೂ ತಿಳಿಯದು. ಕಾಯಿಲೆಗೆ ಮರುಗುವ ಜನ, ಕಾಯಿಲೆ ಬಿಟ್ಟುಹೋದದ್ದನ್ನು ತುಂಬಿಕೊಳ್ಳಲು ಹೊರಟ ಹೆಂಗಸಿಗೆ “ಈ ವಯಸ್ಸಿನಲ್ಲಿ ಇದೊಂದು ಬೇಕಿತ್ತೇ?” ಎನ್ನುತ್ತಾರೆ. ಭಾವ ಒಳ್ಳೆಯವರು, ಆದರೆ ಅವರೂ ಅಂದು ಒಪ್ಪಿಗೆ ಕೊಟ್ಟದ್ದು ಯಾರಿಗೂ ಹೇಳಬಾರದೆಂಬ ಕರಾರಿನ ಮೇಲೆ. ಇಷ್ಟು ವರ್ಷ ಅಭ್ಯಾಸವಾದ ಉತ್ತರ, ವೈದ್ಯರೇ ಕೇಳಿದಾಗಲೂ ತಾನಾಗಿ ಹೊರಬಿತ್ತು.

ನನ್ನ ಮಾತು ಕೇಳಿದ ಮೇಲೆ ಆ ಹುಡುಗ ಎದೆಯ ಭಾಗವನ್ನೂ ನೋಡಿ, ಯಂತ್ರದ ಪರದೆಯನ್ನು ನಮ್ಮ ಕಡೆಗೆ ತಿರುಗಿಸಿದರು. ಕಂಕುಳಿನ ಗ್ರಂಥಿಯ ಮೇಲಂಚು ಸ್ಪಷ್ಟವಾಗಿತ್ತು. ಅದರಿಂದ ಕೆಳಕ್ಕೆ ಎಲ್ಲವೂ ಬೆಳ್ಳಗೆ ಕದಡಿಹೋಗಿ ಏನೂ ಕಾಣುತ್ತಿರಲಿಲ್ಲ. ಒಡೆದ ಇಂಪ್ಲಾಂಟಿನಿಂದ ಹೊರಬಂದ ಸಿಲಿಕೋನ್ ಕಂಕುಳಿನ ದುಗ್ಧರಸ ಗ್ರಂಥಿಯನ್ನು (ಲಿಂಫ್ ನೋಡ್) ಸೇರಿದಾಗ ಹೀಗೆ ಕಾಣುತ್ತದೆಂದೂ, ವೈದ್ಯರು ಇದನ್ನು ಹಿಮಬಿರುಗಾಳಿಯ ಚಿಹ್ನೆ ಎನ್ನುತ್ತಾರೆಂದೂ ವಿವರಿಸಿದರು. “ನೀವು ಹೇಳದಿದ್ದರೆ ನಾನು ವರದಿಯಲ್ಲಿ ಬೇರೆಯದನ್ನೇ ಬರೆಯುತ್ತಿದ್ದೆ” ಎಂದರು. ಗದರಲಿಲ್ಲ. ಆ ಸೌಜನ್ಯಕ್ಕೆ ನಾನು ಅವರಿಗೆ ಋಣಿ. ಅಕ್ಕ ಮಾತ್ರ ಮನೆ ತಲುಪುವವರೆಗೂ ನನ್ನೊಡನೆ ಮಾತನಾಡಲಿಲ್ಲ.

ಸಂಜೆ ಚಹಾ ಕುಡಿಯುವಾಗ ಒಂದೊಂದಾಗಿ ಹೊರಬಂತು. ಎಡಬದಿ ಗಟ್ಟಿಯಾಗುತ್ತಿರುವುದು, ರವಿಕೆ ಒಂದು ಕಡೆ ಸಡಿಲವಾಗಿ ಕೂರುವುದು, ಆಗಾಗ ಒಳಗೆ ಉರಿಯುವುದು, ಇವೆಲ್ಲ ಬಹಳ ಸಮಯದಿಂದ ಅವಳ ಗಮನಕ್ಕೆ ಬಂದಿದ್ದವು. ವಯಸ್ಸೆಂದು ಸುಮ್ಮನಿದ್ದಳಂತೆ. ಸಿಲಿಕೋನ್ ಇಂಪ್ಲಾಂಟ್ ಒಡೆದರೆ ಎಷ್ಟೋ ಮಂದಿಗೆ ಇಷ್ಟು ಲಕ್ಷಣವೂ ಕಾಣಿಸುವುದಿಲ್ಲ. ಉಪ್ಪುನೀರು ತುಂಬಿದ ಬಗೆಯದು ಒಡೆದರೆ ನೀರನ್ನು ದೇಹ ಹೀರಿಕೊಂಡು ಸ್ತನ ಕೆಲವೇ ದಿನಗಳಲ್ಲಿ ಕುಗ್ಗುವುದರಿಂದ ತಕ್ಷಣ ತಿಳಿಯುತ್ತದೆ. ಸಿಲಿಕೋನ್ ಜೆಲ್ ಹಾಗಲ್ಲ. ದೇಹವು ಇಂಪ್ಲಾಂಟಿನ ಸುತ್ತ ತಾನೇ ಕಟ್ಟಿಕೊಂಡ ಗಾಯದ ಪೊರೆಯೊಳಗೆ ಅದು ವರ್ಷಗಟ್ಟಲೆ ಸದ್ದಿಲ್ಲದೆ ಉಳಿಯಬಹುದು, ಪೊರೆಯನ್ನೂ ದಾಟಿದರೆ ಸುತ್ತಲಿನ ಅಂಗಾಂಶಕ್ಕೂ ಕಂಕುಳಿನ ಗ್ರಂಥಿಗೂ ಸೇರಬಹುದು. ಆದ್ದರಿಂದಲೇ ಅಮೆರಿಕದ ಔಷಧ ಮತ್ತು ವೈದ್ಯಕೀಯ ಸಾಧನಗಳ ನಿಯಂತ್ರಕ ಸಂಸ್ಥೆಯಾದ ಎಫ್‌ಡಿಎ 2020ರಲ್ಲಿ, ಲಕ್ಷಣಗಳಿಲ್ಲದಿದ್ದರೂ ಸಿಲಿಕೋನ್ ಇಂಪ್ಲಾಂಟ್ ಇಟ್ಟ 5–6 ವರ್ಷಕ್ಕೆ ಮೊದಲ ಬಾರಿ, ಆಮೇಲೆ 2–3 ವರ್ಷಕ್ಕೊಮ್ಮೆ ಅಲ್ಟ್ರಾಸೌಂಡ್ ಅಥವಾ ಎಂಆರ್‌ಐ ಮಾಡಿಸಬೇಕೆಂದು ಸಲಹೆ ನೀಡಿತು. ಅಕ್ಕನಿಗೆ ಇದನ್ನು ಯಾರೂ ಹೇಳಿರಲಿಲ್ಲ. ಬೆಂಗಳೂರಿನಲ್ಲಿ ಅವಳಿಗೆ ಶಸ್ತ್ರಚಿಕಿತ್ಸೆ ಮಾಡಿದವರು “ಇನ್ನು ಇದರ ಚಿಂತೆ ಬಿಟ್ಟುಬಿಡಿ” ಎಂದಿದ್ದರು, ಅವಳು ವಿಧೇಯಳಾಗಿ ಬಿಟ್ಟಿದ್ದಳು. ಜೀವಮಾನವಿಡೀ ಬಾಳುತ್ತದೆಂದು ತಯಾರಕರೇ ಹೇಳದ ವಸ್ತುವಿನ ಬಗ್ಗೆ ವೈದ್ಯರೊಬ್ಬರು ಅಷ್ಟು ಸಲೀಸಾಗಿ ಹಾಗೆ ಹೇಳಬಾರದಿತ್ತು ಎಂಬುದು ನನ್ನ ಖಚಿತ ಅಭಿಪ್ರಾಯ.

ಮುಂದಿನ ಪರೀಕ್ಷೆಗಳಿಗೆ ಮಾಮೂಲಿನಂತೆ ಜಿಲ್ಲೆಯ ಗಡಿ ದಾಟಿದೆವು. ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕೆಂದು ಉತ್ತರ ಕನ್ನಡದವರು 2019ರಲ್ಲಿಯೂ 2022ರಲ್ಲಿಯೂ ದೊಡ್ಡದಾಗಿ ದನಿಯೆತ್ತಿದ್ದರು. ರೈಲಿನಲ್ಲಿ ನಮ್ಮ ಎದುರು ಕುಳಿತಿದ್ದವರ ಮಡಿಲಲ್ಲೂ ಎಕ್ಸ್‌ರೇ ಲಕೋಟೆಯೇ ಇತ್ತು. ಎಂಆರ್‌ಐ ಚಿತ್ರದಲ್ಲಿ ಇಂಪ್ಲಾಂಟಿನ ಹೊದಿಕೆ ಕುಸಿದು, ಜೆಲ್ಲಿನ ನಡುವೆ ಸುತ್ತಿ ಮಡಿಚಿಕೊಂಡ ಕಪ್ಪು ಗೆರೆಗಳಾಗಿ ತೇಲುತ್ತಿತ್ತು. ಒಡೆದಿರುವುದರಲ್ಲಿ ಸಂದೇಹ ಉಳಿಯಲಿಲ್ಲ. ಹಳೆಯ ಕ್ಯಾನ್ಸರಿನ ಇತಿಹಾಸವಿದ್ದುದರಿಂದ ಕೇವಲ ಚಿತ್ರವನ್ನು ನಂಬದೆ ಗಂಟಿನಿಂದ ಸೂಜಿಯಲ್ಲಿ ಮಾದರಿಯನ್ನೂ ತೆಗೆದರು. ಶನಿವಾರ ಬಂದ ವರದಿಯಲ್ಲಿ ಕ್ಯಾನ್ಸರ್ ಕೋಶಗಳಿರಲಿಲ್ಲ; ಇದ್ದದ್ದು ಸಿಲಿಕೋನ್ ಮತ್ತು ಅದನ್ನು ನುಂಗಲು ಬಂದು ಮುತ್ತಿಕೊಂಡ ದೇಹದ ರಕ್ಷಣಾ ಕೋಶಗಳು. ಅಕ್ಕ ವರದಿಯನ್ನು ಮಡಿಚಿ ಪರ್ಸಿನಲ್ಲಿ ಇಟ್ಟುಕೊಂಡು, ತೆಗೆದು ಮತ್ತೆ ಓದಿದಳು. ಆಗಲೂ ನನಗೆ ನೆನಪಾದದ್ದು ಆ ‘ಇಲ್ಲ’ವೇ. ಅದೇ ಮಾತು ವರದಿಗೆ ಹೋಗಿದ್ದರೆ, ಸೂಜಿಯ ಫಲಿತಾಂಶ ಬರುವವರೆಗೆ ನಾವು ಕಳೆಯುತ್ತಿದ್ದ ರಾತ್ರಿಗಳು ಬೇರೆಯೇ ಆಗಿರುತ್ತಿದ್ದವು.

ಅಷ್ಟರಲ್ಲಿ ಭಾವ ಅಂತರ್ಜಾಲದಲ್ಲಿ ಫ್ರಾನ್ಸಿನ ಪಿಐಪಿ ಕಂಪನಿಯ ಹಗರಣವನ್ನು ಓದಿ ಬೆವರುತ್ತಿದ್ದರು. ವೈದ್ಯಕೀಯ ಬಳಕೆಗಲ್ಲದ ಕೈಗಾರಿಕಾ ಸಿಲಿಕೋನನ್ನು ತುಂಬಿ ಮಾರಿದ ಆ ಕಂಪನಿಯ ಇಂಪ್ಲಾಂಟುಗಳನ್ನು 2010ರಲ್ಲಿ ಹಿಂತೆಗೆಯಲಾಗಿತ್ತು. ಅದರ ಸ್ಥಾಪಕನಿಗೆ 2013ರಲ್ಲಿ ಶಿಕ್ಷೆಯೂ ಆಯಿತು. ಅಕ್ಕನದು ಯಾವ ಕಂಪನಿಯದು? ಭಾವ ಮನೆಯ ಟ್ರಂಕಿನ ತಳದಿಂದ, ಎಲ್‌ಐಸಿ ಬಾಂಡುಗಳ ಕೆಳಗಿನಿಂದ, ಶಸ್ತ್ರಚಿಕಿತ್ಸೆಯ ದಿನ ಕೊಟ್ಟಿದ್ದ ಚಿಕ್ಕ ಕಾರ್ಡನ್ನು ಹುಡುಕಿ ತಂದರು. ಅಂಚು ಹಳದಿಯಾಗಿದ್ದರೂ ಅಂಟಿಸಿದ್ದ ಚೀಟಿಯಲ್ಲಿ ಕಂಪನಿಯ ಹೆಸರು, ಸರಣಿ ಸಂಖ್ಯೆ, ಗಾತ್ರ, ‘ಎಡ’ ಎಂಬ ಗುರುತು ಎಲ್ಲವೂ ಓದುವಂತಿದ್ದವು. ಪಿಐಪಿ ಅಲ್ಲ. ಗುಟ್ಟಾಗಿ ಇಟ್ಟದ್ದನ್ನು ಇಷ್ಟು ಜೋಪಾನವಾಗಿಯೂ ಇಟ್ಟಿದ್ದರೆಂದು ನನಗೆ ಭಾವನ ಮೇಲೆ ಅಂದು ಸ್ವಲ್ಪ ಪ್ರೀತಿಯೇ ಹುಟ್ಟಿತು.

ಈಗ ನೋಡುತ್ತಿರುವ ಶಸ್ತ್ರಚಿಕಿತ್ಸಕಿ ಮೇಜಿನ ಡ್ರಾಯರಿನಿಂದ ಕತ್ತರಿಸಿದ ಒಂದು ಹಳೆಯ ಮಾದರಿಯನ್ನು ತೆಗೆದು ಅಕ್ಕನ ಅಂಗೈಯಲ್ಲಿ ಇಟ್ಟರು. ಬಣ್ಣವಿಲ್ಲದ ಜೆಲ್ ಹಲಸಿನ ಮೇಣದಂತೆ ಬೆರಳಿನಿಂದ ಬೆರಳಿಗೆ ಎಳೆಯಾಗಿ ಅಂಟಿಕೊಂಡಿತು. ಒರೆಸಿದರೂ ಪೂರ್ತಿ ಹೋಗಲಿಲ್ಲ. ಒಳಗೂ ಹೀಗೆಯೇ ಇರುವುದರಿಂದ, ಒಡೆದ ಹೊದಿಕೆ ಮತ್ತು ಜೆಲ್ಲಿನ ಜೊತೆಗೆ ಗಾಯದ ಪೊರೆಯನ್ನೂ ಸಾಧ್ಯವಾದಷ್ಟು ತೆಗೆಯಬೇಕಾಗುತ್ತದೆ ಎಂದರು. ಕಂಕುಳಿನ ಗ್ರಂಥಿಯಲ್ಲಿರುವುದು ತೊಂದರೆ ಕೊಡದಿದ್ದರೆ ಹಾಗೆಯೇ ಬಿಡುವುದು ವಾಸಿ, ಅದನ್ನು ಕೆದಕಲು ಹೋದರೆ ಕೈಗೆ ಬಾವು ಬರುವ ಅಪಾಯವಿದೆ. ಸೋರಿದ ಸಿಲಿಕೋನಿನಿಂದ ಸ್ತನ ಕ್ಯಾನ್ಸರ್ ಬರುತ್ತದೆಂಬುದಕ್ಕೆ ಆಧಾರವಿಲ್ಲವೆಂದೂ, ಇಂಥ ಸಾಧನಗಳ ತೊಂದರೆಯನ್ನು ನಮ್ಮ ದೇಶದಲ್ಲಿ 2015ರಿಂದ ಮೆಟೀರಿಯೊವಿಜಿಲೆನ್ಸ್ ಕಾರ್ಯಕ್ರಮಕ್ಕೆ ವರದಿ ಮಾಡಬಹುದಾದ್ದರಿಂದ ಕಾರ್ಡಿನ ಮೂಲ ಪ್ರತಿ ಬೇಕೆಂದೂ ಹೇಳಿದರು.

“ತೆಗೆದ ಮೇಲೆ ಸುಮ್ಮನೆ ಹಾಗೆಯೇ ಬಿಟ್ಟರಾಗದೇ?” ಎಂದು ಕೇಳಿದವರು ಭಾವ. ನಾನೂ ಅಕ್ಕ ಹಾಗೆಯೇ ಹೇಳುತ್ತಾಳೆಂದು ಎಣಿಸಿದ್ದೆ. ಅವಳು ಬೆರಳಿಗೆ ಅಂಟಿದ್ದನ್ನು ಕರವಸ್ತ್ರದಲ್ಲಿ ಉಜ್ಜುತ್ತ, “ನನಗೆ ಹೊಸದು ಬೇಕು” ಎಂದಳು. ಭಾವ ಫ್ಯಾನು ನೋಡಿದರು. ಒಳಗಿನ ಅಂಗಾಂಶ ಚೆನ್ನಾಗಿದ್ದರೆ ಅದೇ ಶಸ್ತ್ರಚಿಕಿತ್ಸೆಯಲ್ಲಿ ಇಡಬಹುದು, ಇಲ್ಲವಾದರೆ ಕೆಲವು ತಿಂಗಳು ಕಾಯಬೇಕು, ಹೊಟ್ಟೆಯ ಕೊಬ್ಬಿನಿಂದಲೂ ಕಟ್ಟಬಹುದು ಎಂದು ವೈದ್ಯೆ ವಿವರಿಸುವಾಗ ಪ್ರಶ್ನೆ ಕೇಳಿದವಳೆಲ್ಲ ಅಕ್ಕನೇ. ಬಳಗಕ್ಕೆ ಮಾತ್ರ ‘ಹಳೆಯ ಗಾಯಕ್ಕೆ ಸಣ್ಣ ಆಪರೇಷನ್’ ಎಂದೇ ಹೇಳಬೇಕೆಂದು ಹಿಂತಿರುಗುವಾಗ ನನಗೆ ತಾಕೀತು ಮಾಡಿದಳು. ನಾನು ಒಪ್ಪಿದೆ, ಬಳಗದವರು ವರದಿ ಬರೆಯುವವರಲ್ಲವಲ್ಲ.

ಚೌತಿ ಮುಗಿದ ಮೇಲೆ ಆದೀತೇ ಎಂದು ಅವಳು ಕೇಳಿದ್ದಕ್ಕೆ ವೈದ್ಯೆ, ಇದು ಓಡೋಡಿ ಮಾಡಬೇಕಾದ ಆಪರೇಷನ್ ಅಲ್ಲ, ಚಕ್ಕುಲಿ ಸುಟ್ಟು ಬನ್ನಿ, ಆದರೆ ದೀಪಾವಳಿಯವರೆಗೆ ಎಳೆಯಬೇಡಿ ಎಂದಿದ್ದಾರೆ.