ಕಟ್ಟಾಕ ನಿಮಗ ಯಾರ್ ಹೇಳಿದ್ರು?

ಭಾನುವಾರ ಗಂಗಾವತಿ ಹತ್ತಿರದ ಹಿರೇಬೆಣಕಲ್ ಗುಡ್ಡದಲ್ಲಿ ನಾವು ದಾರಿ ತಪ್ಪಿದ್ದು ದೊಡ್ಡ ಸುದ್ದಿಯೇನಲ್ಲ. ಒಬ್ಬರ ಮೊಣಕಾಲು ತರಚಿತು, ಇನ್ನೊಬ್ಬರ ಫೋನಿನ ಗಾಜು ಒಡೆಯಿತು, ಅಷ್ಟೇ. ಆದರೆ ಅಲ್ಲಿ ನಡೆದ ಎರಡೇ ಸಾಲಿನ ಜಗಳ ಗುರುವಾರವಾದರೂ ನನ್ನ ತಲೆಯಿಂದ ಇಳಿದಿಲ್ಲ. ಅನ್ನಕ್ಕೆ ಇಡುವಾಗ ಅದೇ, ಬಸ್ಸಿಗೆ ಕಾಯುವಾಗ ಅದೇ.

ನಮ್ಮದು ಸಣ್ಣ ಗುಂಪು. ಗಂಗಾವತಿ, ಹೊಸಪೇಟೆ, ಕೊಪ್ಪಳದವರು ಸೇರಿ ರಜೆ ದಿನ ಗುಡ್ಡ ಬೆಟ್ಟಗಳಲ್ಲಿ ಓಡುತ್ತೇವೆ. ಟ್ರೇಲ್ ರನ್ನಿಂಗ್ ಅಂತಾರೆ. ಈ ಸಲ 14 ಕಿಲೋಮೀಟರಿನ ಸುತ್ತು. ದಾರಿಗೆ ಗುರುತು ಹಾಕಿದ್ದು ನಮ್ಮ ಕ್ಯಾಪ್ಟನ್. ಒಳ್ಳೆಯ ಮನುಷ್ಯ. ಯಾರದಾದರೂ ಕಾಲು ಉಳುಕಿದರೆ ತಮ್ಮ ಓಟ ಬಿಟ್ಟು ಜೊತೆಗೆ ನಡೆದು ಬರುತ್ತಾರೆ. ಆದರೆ ಕೈಗಡಿಯಾರ ನೋಡದೆ ನೀರೂ ಕುಡಿಯುವವರಲ್ಲ. ತಾವು ಹಾಕಿದ ಲೆಕ್ಕ ತಪ್ಪಿದರೆ ಅವರಿಗೆ ತಡೆಯುವುದಿಲ್ಲ. ಶನಿವಾರ ಸಂಜೆಯೇ ಹೋಗಿ, ಐವತ್ತು ಅರವತ್ತು ಹೆಜ್ಜೆಗೊಂದರಂತೆ ಕಾರೆ ಗಿಡಕ್ಕೆ, ಜಾಲಿ ಕೊಂಬೆಗೆ ಕಿತ್ತಳೆ ಬಣ್ಣದ ಪ್ಲಾಸ್ಟಿಕ್ ರಿಬ್ಬನ್ ಕಟ್ಟಿ ಬಂದಿದ್ದರು. ತಿರುವುಗಳಲ್ಲಿ ಬಂಡೆಯ ಮೇಲೆ ಬಿಳಿ ಸೀಮೆಸುಣ್ಣದ ಬಾಣ.

ಆ ಗುಡ್ಡದಲ್ಲಿ ಗುರುತಿಲ್ಲದೆ ಓಡುವುದು ಕಷ್ಟ. ಎಲ್ಲಿ ನೋಡಿದರೂ ಬಂಡೆ. ಒಂದರ ಮೇಲೊಂದು ಕೂತಿರುವ ಗುಂಡುಗಳು, ಅವುಗಳ ಸಂದಿಯಲ್ಲಿ ಕುರುಚಲು ಗಿಡ, ಕಾಲಿಟ್ಟಲ್ಲೆಲ್ಲ ಸಾಕ್ಸಿಗೆ ಚುಚ್ಚಿಕೊಳ್ಳುವ ಒಣ ಹುಲ್ಲು. ಹತ್ತು ನಿಮಿಷ ಓಡಿದ ಮೇಲೆ ಹಿಂತಿರುಗಿ ನೋಡಿದರೆ ಬಂದ ದಾರಿ ಯಾವುದು ಅಂತಾನೇ ಗೊತ್ತಾಗುವುದಿಲ್ಲ. ನಮ್ಮ ಗುಂಪಿನಲ್ಲಿ ಓದಿಕೊಂಡವರೊಬ್ಬರಿದ್ದಾರೆ. ಇಂಗ್ಲೆಂಡಿನ ಬೆಟ್ಟದ ಓಟಗಳಲ್ಲಿ ಎಷ್ಟೋ ಕಡೆ ರಿಬ್ಬನ್ನೇ ಇರುವುದಿಲ್ಲವಂತೆ. ಮಂಜು, ಕೆಸರು, ಹುಲ್ಲುಗಾಡು. ಕೈಯಲ್ಲಿ ನಕ್ಷೆ, ದಿಕ್ಸೂಚಿ. ಬಾಬ್ ಗ್ರಹಾಂ ಅನ್ನುವವರು 1932ರಲ್ಲಿ 24 ಗಂಟೆಯೊಳಗೆ 42 ಶಿಖರ ಸುತ್ತಿ ಬಂದಿದ್ದರು, ಇವತ್ತಿಗೂ ಜನ ಅದೇ ಸುತ್ತು ಹಾಕಲು ಹೋಗುತ್ತಾರೆ ಅಂತ ದಾರಿಯುದ್ದಕ್ಕೂ ಹೇಳಿದರು. ಏರು ಹತ್ತುವಾಗ ಅಷ್ಟು ಮಾತಾಡಲು ಅವರಿಗೆ ಉಸಿರು ಎಲ್ಲಿಂದ ಬರುತ್ತದೋ!

ಮೇಲೆ ಶಿಲಾಸಮಾಧಿಗಳ ಹತ್ತಿರ ಎಲ್ಲರೂ ಓಟ ನಿಲ್ಲಿಸಿ ನಡೆದೆವು. ಮೂರು ಕಡೆ ಚಪ್ಪಡಿ ನಿಲ್ಲಿಸಿ ಮೇಲೊಂದು ಚಪ್ಪಡಿ ಮುಚ್ಚಿದ ಕಲ್ಲಿನ ಕೋಣೆಗಳು, ಕೆಲವಕ್ಕೆ ದುಂಡನೆಯ ಕಿಂಡಿ. ಸಣ್ಣವು ದೊಡ್ಡವು ಸೇರಿ 400ರ ಆಸುಪಾಸು ಇವೆ. ಎರಡು ಸಾವಿರ ವರ್ಷಕ್ಕೂ ಹಳೆಯವು. 2021ರಲ್ಲಿ ಯುನೆಸ್ಕೋದ ವಿಶ್ವ ಪರಂಪರೆಯ ತಾತ್ಕಾಲಿಕ ಪಟ್ಟಿಗೆ ಸೇರಿವೆ. ಊರಿನವರಿಗೆ ಇದು ಮೋರ್ಯರ ಗುಡ್ಡ. ಮೋರ್ಯರು ಅಂದರೆ ಗಿಡ್ಡ ಜನ, ಇವು ಅವರ ಮನೆಗಳು ಅನ್ನುತ್ತಾರೆ. ಕ್ಯಾಪ್ಟನ್ ಇಲ್ಲಿ ಮಾತ್ರ ಒಂದು ರಿಬ್ಬನ್ನೂ ಕಟ್ಟಿರಲಿಲ್ಲ, ಒಂದು ಬಾಣವನ್ನೂ ಬರೆದಿರಲಿಲ್ಲ. ಅದನ್ನು ಮೆಚ್ಚಲೇಬೇಕು.

ಅದನ್ನು ದಾಟಿ ಆಚೆ ಇಳಿದ ಮೇಲೆ ರಿಬ್ಬನ್ ಕಾಣಲಿಲ್ಲ. ಬಲಕ್ಕೆ ಹೋದೆವು, ಇಲ್ಲ. ಎಡಕ್ಕೆ ಹೋದೆವು, ಮುಳ್ಳಿನ ಮೆಳೆ. ಮುಂದೆ ಹೋದವರು ವಾಪಸ್ ಬಂದರು, ಹಿಂದೆ ಇದ್ದವರು ಬಂದು ಸೇರಿದರು. ಒಂಬತ್ತು ಗಂಟೆಗಾಗಲೇ ಬಂಡೆ ಕಾದಿತ್ತು. ಕರಡಿ, ಚಿರತೆ ಓಡಾಡುವ ಜಾಗ ಬೇರೆ. ಎಲ್ಲರೂ ಒಂದು ಹಾಸುಬಂಡೆಯ ಮೇಲೆ ನಿಂತಿರುವಾಗ ಕೆಳಗಿನಿಂದ ಆಡುಗಳು ಬಂದವು. ಅವುಗಳ ಹಿಂದೆ ಒಬ್ಬ ಅಜ್ಜಿ. ಕೈಯಲ್ಲಿ ಕೋಲು, ತಲೆ ಮೇಲೆ ಸೆರಗು. ಅವಳ ಉಡಿಯಿಂದ ಕಿತ್ತಳೆ ಬಣ್ಣದ ತುದಿಗಳು ಇಣುಕುತ್ತಿದ್ದವು.

ಕ್ಯಾಪ್ಟನ್ ಮುಖ ನೋಡಬೇಕಿತ್ತು.

"ಅಮ್ಮಾ, ಇದನ್ನೆಲ್ಲ ಬಿಚ್ಚೋಕೆ ನಿಮಗೆ ಯಾರು ಹೇಳಿದ್ರು?"

ಅಜ್ಜಿ ಅವರನ್ನು ಮೇಲಿನಿಂದ ಕೆಳಗೆ ನೋಡಿದಳು. ಗಿಡ್ಡ ಚಡ್ಡಿ, ಬೆನ್ನಿಗೆ ನೀರಿನ ಚೀಲ, ಕಣ್ಣಿಗೆ ಬಣ್ಣದ ಕನ್ನಡಕ.

"ಕಟ್ಟಾಕ ನಿಮಗ ಯಾರ್ ಹೇಳಿದ್ರು?"

ಅಷ್ಟೇ. ಕ್ಯಾಪ್ಟನ್ ಬಾಯಿ ತೆರೆದರು, ಮುಚ್ಚಿದರು. ನಾವು ಉಳಿದವರು ನಕ್ಕೆವು. ಅಜ್ಜಿ ಉಡಿ ಬಿಚ್ಚಿ ರಿಬ್ಬನ್ ಗಂಟನ್ನು ಬಂಡೆಯ ಮೇಲೆ ಸುರಿದಳು. "ತಗೋರಿ, ನಿಮ್ದ ನಿಮಗ. ನಾನೇನ್ ಕದ್ದಿಲ್ಲ. ಆಡು ತಿಂದು ಹೊಟ್ಟಿ ಉಬ್ಬಿ ಸತ್ರ ನೀವ್ ಕೊಡ್ತೀರೇನು?"

ಆಕೆ ಹೇಳಿದ್ದು ನಿಜ. ಪ್ಲಾಸ್ಟಿಕ್ ಆಡಿನ ಹೊಟ್ಟೆಯಲ್ಲಿ ಕರಗುವುದಿಲ್ಲ. ಒಳಗೇ ಗಂಟಾಗಿ ಕೂತು ಮೆಲುಕು ಹಾಕುವುದು ನಿಲ್ಲುತ್ತದೆ, ಮೇವು ಬಿಡುತ್ತದೆ, ಕೆಲವು ಉಳಿಯುವುದೇ ಇಲ್ಲ. ಒಂದು ಒಳ್ಳೆಯ ಆಡಿಗೆ ಹತ್ತು ಸಾವಿರ ರೂಪಾಯಿಗೆ ಮೋಸವಿಲ್ಲ. ನಮ್ಮಲ್ಲಿ ಕೆಲವರ ಕಾಲಲ್ಲಿದ್ದ ಶೂಗೆ ಅದಕ್ಕಿಂತ ಜಾಸ್ತಿ.

ವಾಪಸ್ ಬರುವಾಗ ಗಾಡಿಯಲ್ಲಿ ಇದೇ ಮಾತು. "ಮುದುಕಿ ಸರಿಯಾಗಿ ಕೊಟ್ಟಳು" ಅಂತ ಎಲ್ಲರೂ ನಕ್ಕರು. ಒಬ್ಬ ಹುಡುಗ ಆ ಸಾಲನ್ನು ಕ್ಯಾಪ್ಟನ್ ಫೋಟೋ ಮೇಲೆ ಬರೆದು ಸ್ಟಿಕರ್ ಮಾಡಿ ವಾಟ್ಸ್ಆ್ಯಪ್ ಗುಂಪಿಗೆ ಹಾಕಿದ. ನಗು ಬರುವಂಥದ್ದೇ, ಇಲ್ಲ ಅನ್ನಲ್ಲ. ಆದರೆ ನಾನು ಆ ಬಂಡೆಯ ಹತ್ತಿರ ಶೂ ಲೇಸ್ ಕಟ್ಟಿಕೊಳ್ಳುತ್ತಾ ಹಿಂದೆ ಉಳಿದಿದ್ದೆ. ಉಳಿದವರು ಇಳಿದು ಹೋದ ಮೇಲೆ ಅಜ್ಜಿ ನನ್ನ ಹತ್ತಿರ ಬಂದು ಕೂತಳು. ದನಿ ಇಳಿಸಿ ಕೇಳಿದಳು. "ಯವ್ವಾ, ಸರ್ವೇದವ್ರೇನ್ ನೀವು?"

ಅಲ್ಲ ಅಂದೆ. ಓಡೋಕೆ ಬಂದಿದ್ದೀವಿ ಅಂದೆ.

"ಓಡಾಕಷ್ಟ?"

"ಹೂಂ ಅವ್ವಾ, ಓಡೋಕಷ್ಟೇ."

"ಖರೇನ?" ಅಂದಳು. ಮತ್ತೆ ಒಂದು ಸಲ "ಖರೇನ?" ಅಂದಳು. ಆಮೇಲೆ ಹೇಳಿದಳು, ಆ ಕಡೆ ಗುಡ್ಡಕ್ಕೂ ಮೊದಲು ಹೀಗೇ ಯಾರೋ ಬಂದು ಗುರುತು ಹಾಕಿದರಂತೆ. ಬಟ್ಟೆ ಕಟ್ಟಿದರು, ಕಲ್ಲಿಗೆ ಬಣ್ಣ ಬಳಿದರು. ಊರಲ್ಲಿ ಕೇಳಿದರೆ ಯಾರಿಗೂ ಗೊತ್ತಿಲ್ಲ. ಮಳೆಗಾಲ ಮುಗಿಯುವಷ್ಟರಲ್ಲಿ ತಂತಿ ಬೇಲಿ ಬಂತು. ಈಗ ಆಡು ಆ ಕಡೆ ಹೋಗುವ ಹಾಗಿಲ್ಲ.

ಅಲ್ಲಿಂದ ಆ ಎರಡು ಸಾಲು ನನಗೆ ಬೇರೆಯದೇ ಆಗಿ ಕೇಳುತ್ತಿವೆ. ಕಟ್ಟಾಕ ನಿಮಗ ಯಾರ್ ಹೇಳಿದ್ರು? ಅವಳು ಎದುರುತ್ತರ ಕೊಡಲಿಲ್ಲ. ಕೇಳಿದಳು. ಯಾವ ಆಫೀಸು, ಯಾವ ಸಾಹೇಬ, ಯಾವ ಕಂಪನಿ ಅಂತ ನಿಜವಾಗಿಯೂ ಅವಳಿಗೆ ಗೊತ್ತಾಗಬೇಕಿತ್ತು. ಅಷ್ಟು ಜನ ನಿಂತಿದ್ದೆವು, ಯಾರೂ ಉತ್ತರ ಕೊಡಲಿಲ್ಲ. ನಕ್ಕೆವು. ಮನೆಗೆ ಹೋಗಿ ಅವಳು ಏನಂತ ಹೇಳಿರಬಹುದು? ಕೇಳಿದೆ, ನಕ್ಕರು ಅಂತಲೇ ಅಲ್ವಾ?

ಕ್ಯಾಪ್ಟನ್ ಪ್ರಶ್ನೆಯೂ ಈಗ ನನಗೆ ವಿಚಿತ್ರ ಅನ್ನಿಸುತ್ತದೆ. ಬಿಚ್ಚೋಕೆ ಯಾರು ಹೇಳಿದ್ರು ಅಂತೆ. ಯಾರಾದರೂ ಯಾಕೆ ಹೇಳಬೇಕು? ದಿನಾ ಆಡು ಹೊಡೆದುಕೊಂಡು ಓಡಾಡುವ ದಾರಿಯಲ್ಲಿ ಪ್ಲಾಸ್ಟಿಕ್ ಕಂಡರೆ ತೆಗೆಯಲು ಅಪ್ಪಣೆ ಬೇಕಾ? ಪೇಟೆಯಿಂದ ಹೋದವರ ಈ ಅಭ್ಯಾಸ ನನಗೆ ಮೊದಲಿನಿಂದಲೂ ಆಗಿಬರುವುದಿಲ್ಲ. ಮನೆ ಕಾಣದ ಕಡೆ ಜನವೇ ಇಲ್ಲ ಅಂದುಕೊಳ್ಳುತ್ತಾರೆ. ಖಾಲಿ ಗುಡ್ಡ, ಪಾಳು ಜಾಗ ಅನ್ನುತ್ತಾರೆ. ನಮ್ಮ ಕೊಪ್ಪಳ ಜಿಲ್ಲೆಯಲ್ಲಿ ಕಾರ್ಖಾನೆ ಬಂದಿವೆ, ಗಾಳಿಯಂತ್ರ ಬಂದಿವೆ, ಕಲ್ಲು ಕ್ವಾರಿ ಇವೆ. ಒಂದೊಂದಕ್ಕೂ ಜಾಗ ಹುಡುಕುವಾಗ ಖಾಲಿ ಅನ್ನುವ ಮಾತು ಬಂದೇ ಬಂದಿರುತ್ತದೆ. ಅದು ಬೇಕೋ ಬೇಡವೋ ಅನ್ನುವುದು ಬೇರೆ ಚರ್ಚೆ. ಗುರುತು ಹಾಕುವವರು ಯಾರು ಅಂತ ಮೊದಲೇ ಹೇಳುವ ಪದ್ಧತಿ ಇದ್ದಿದ್ದರೆ ಆ ಅಜ್ಜಿ ಒಂದು ರಿಬ್ಬನ್ ನೋಡಿ ಹೆದರಬೇಕಿರಲಿಲ್ಲ. ಹೆದರಿಯೂ ಒಂದೊಂದಾಗಿ ಬಿಚ್ಚಿ, ಹರಿಯದೆ, ಬಿಸಾಡದೆ ಉಡಿಯಲ್ಲಿ ಇಟ್ಟುಕೊಂಡಿದ್ದಳು. ಯಾರಾದರೂ ಕೇಳಿದರೆ ಕೊಡಬೇಕಲ್ಲ ಅಂತ.

ದಾರಿಯನ್ನೂ ಕೊನೆಗೆ ಅವಳೇ ತೋರಿಸಿದ್ದು. "ಹಿಕ್ಕಿ ನೋಡ್ಕೊಂತ ಹೋಗ್ರಿ. ಹಿಕ್ಕಿ ಬಿದ್ದಲ್ಲಿ ಹಾದಿ ಐತಿ" ಅಂದಳು. ನೋಡಿದರೆ ಹೌದು. ಹಾಸುಬಂಡೆಯ ಮೇಲೆ ಕರಿ ಕಾಳು ಚೆಲ್ಲಿದ ಹಾಗೆ ಆಡಿನ ಹಿಕ್ಕೆ, ಎರಡು ಗುಂಡುಗಳ ನಡುವೆ ಗೊರಸು ಸವೆಸಿದ ತೆಳ್ಳನೆಯ ಬಿಳಿ ಗೆರೆ. ಮುಂದೆ ಹೋದವರನ್ನು ಕೂಗಿ ಕರೆದೆ. ಅಜ್ಜಿಯ ದಾರಿ ಕ್ಯಾಪ್ಟನ್ ದಾರಿಗಿಂತ ಹತ್ತಿರವೂ ಇತ್ತು, ಮುಳ್ಳೂ ಕಡಿಮೆ. ಅವರ ಗಡಿಯಾರದಲ್ಲಿ 14 ಕಿಲೋಮೀಟರ್ ಆಗಲಿಲ್ಲ ಅನ್ನುವುದೊಂದೇ ಕೊರತೆ.

ಗುಂಪಿನಲ್ಲಿ ಈಗ ಮುಂದಿನ ಓಟದ ಚರ್ಚೆ. ಪ್ಲಾಸ್ಟಿಕ್ ಬೇಡ, ಅಕ್ಕಿ ಹಿಟ್ಟಿನಲ್ಲಿ ಗುರುತು ಹಾಕೋಣ, ಆಡು ನೆಕ್ಕಿದರೂ ತೊಂದರೆಯಿಲ್ಲ ಅಂತ ಒಬ್ಬರು. ಪಂಚಾಯ್ತಿಗೆ ಒಂದು ಅರ್ಜಿ ಬಿಸಾಕೋಣ ಅಂತ ಇನ್ನೊಬ್ಬರು. ಅರ್ಜಿ ಕೊಡಿ, ಆದರೆ ಅದು ಅಜ್ಜಿಗೆ ಮುಟ್ಟಲ್ಲ, ಮೊದಲು ಗುಡ್ಡದಲ್ಲಿ ಆಡು ಮೇಯಿಸುವವರಿಗೆ ಹೇಳಿ ಬರೋಣ ಅಂತ ನಾನು ಬರೆದೆ. ಅವರನ್ನೆಲ್ಲ ಎಲ್ಲಿ ಅಂತ ಹುಡುಕೋದು ಅಂತ ಕ್ಯಾಪ್ಟನ್ ಕೇಳಿದರು. ಬೆಳಿಗ್ಗೆ ಊರಿನ ಚಹಾ ಅಂಗಡಿ ಮುಂದೆ ಅರ್ಧ ಗಂಟೆ ಕೂತರೆ ಸಾಕು, ಅವರೇ ಬಂದು ನೀವ್ಯಾರು ಅಂತ ಕೇಳುತ್ತಾರೆ ಅಂದೆ. ಶನಿವಾರ ನಾವಿಬ್ಬರೂ ಹೋಗುವುದು ಅಂತ ಆಗಿದೆ. ಚಹಾ, ಮಿರ್ಚಿ, ಮಂಡಕ್ಕಿ ಖರ್ಚು ಕ್ಯಾಪ್ಟನ್ ಅವರದು ಅಂತ ಗುಂಪು ಅವರನ್ನು ಕೇಳದೆಯೇ ತೀರ್ಮಾನ ಮಾಡಿದೆ.