ದಾವಣಗೆರೆಯ ಮೀಟರು, ಹುಬ್ಬಳ್ಳಿಯ ಬಿಲ್ಲು

ದಾವಣಗೆರೆಯ ನಮ್ಮ ಅಡುಗೆಮನೆಗೆ ಕೊಳವೆ ಅನಿಲ ಬಂದ ದಿನದಿಂದ, ಹಾಲಿನ ಲೆಕ್ಕ ಬರೆಯುವ ಪುಸ್ತಕದ ಕೊನೆಯ ಹಾಳೆಗಳಲ್ಲಿ ಅದರ ದರವನ್ನೂ ಬರೆದಿಡುತ್ತಿದ್ದೇನೆ. ಮೀಟರಿನ ಕೆಂಪು ಅಂಕಿಗಳು ದಶಮಾಂಶವೆಂದು ತಿಳಿಯದೆ ಮೊದಲ ತಿಂಗಳು ಅವನ್ನೂ ಸೇರಿಸಿ ಓದಿ, ಮನೆಯವರೆಲ್ಲ ಗಾಬರಿಯಾಗಿದ್ದುಂಟು.

ಹುಬ್ಬಳ್ಳಿಯಲ್ಲಿರುವ ಅಕ್ಕ ತನ್ನ ಬಿಲ್ಲಿನ ಚಿತ್ರ ಕಳಿಸುತ್ತಾಳೆ; ಎರಡನ್ನೂ ಪಕ್ಕಪಕ್ಕದಲ್ಲಿ ಬರೆದಾಗ ದರ ಒಂದೇ ಆಗಿರುವುದಿಲ್ಲ. ಕೇಂದ್ರದ ನಿಯಂತ್ರಣ ಮಂಡಳಿಯು ದೇಶವನ್ನು ಭೌಗೋಳಿಕ ಪ್ರದೇಶಗಳಾಗಿ ವಿಂಗಡಿಸಿ ಒಂದೊಂದನ್ನೂ ಒಂದು ಕಂಪನಿಗೆ ವಹಿಸುತ್ತದೆಯಾದರೂ, ಮನೆಬಳಕೆಯ ದರವನ್ನು ಆಯಾ ಕಂಪನಿಯೇ ನಿಗದಿಪಡಿಸುತ್ತದೆ. ನೈಸರ್ಗಿಕ ಅನಿಲ ಇನ್ನೂ ಜಿಎಸ್‌ಟಿ ವ್ಯಾಪ್ತಿಗೆ ಬಾರದಿರುವುದರಿಂದ ಬೇರೆ ರಾಜ್ಯಗಳೊಡನೆ ಹೋಲಿಸಿದರೆ ವ್ಯಾಟ್ ಎಂಬ ಮಾರಾಟ ತೆರಿಗೆಯೂ ಬೇರೆ. 2023ರ ಏಪ್ರಿಲ್‌ನಿಂದ ದೇಶದ ಹಳೆಯ ಬಾವಿಗಳ ಅನಿಲದ ಬೆಲೆಯನ್ನು ಭಾರತ ಕೊಳ್ಳುವ ಕಚ್ಚಾತೈಲದ ಸರಾಸರಿ ಬೆಲೆಯ ಶೇ 10ರಷ್ಟೆಂದು ಪ್ರತಿ ತಿಂಗಳು ಲೆಕ್ಕ ಹಾಕಿ, ಅದಕ್ಕೊಂದು ಗರಿಷ್ಠ ಮಿತಿಯನ್ನೂ ಇಡಲಾಗಿದೆ. ಆದರೆ ಆ ಏರಿಳಿತ ನಮ್ಮ ಬಿಲ್ಲಿನಲ್ಲಿ ಅದೇ ತಿಂಗಳು ಕಾಣುವುದಿಲ್ಲ.

ಸಿಲಿಂಡರಿನೊಡನೆ ಹೋಲಿಸುವುದಾದರೆ, 14.2 ಕಿಲೋ ಅನಿಲ ಕೊಡುವ ಶಾಖಕ್ಕೆ ಸುಮಾರು 18 ಘನ ಮೀಟರ್ ಕೊಳವೆ ಅನಿಲ ಬೇಕು. ಹೀಗಾಗಿ ಘನ ಮೀಟರಿನ ದರವನ್ನು 18ರಿಂದ ಗುಣಿಸಿ, ಸಿಲಿಂಡರಿನ ಬೆಲೆಯ ಎದುರಿಗೆ ಬರೆಯುತ್ತೇನೆ. ಬಿಲ್ಲಿನ ಅವಧಿಯ ನಡುವೆ ದರ ಬದಲಾದರೆ ಮಾತ್ರ ತೊಡಕು. ಅದಕ್ಕಾಗಿಯೇ ಈಗ ಪ್ರತಿ ತಿಂಗಳ 1ರಂದು, ಕಾಫಿಗೆ ಒಲೆ ಹಚ್ಚುವ ಮುಂಚೆ, ಮೀಟರಿನ ಕಪ್ಪು ಅಂಕಿಗಳನ್ನಷ್ಟೇ ಬರೆದುಕೊಳ್ಳುತ್ತೇನೆ.