ಟ್ರೈಲರ್ ನಂಬರ್ ಹುಡುಕಿದ ಕಥೆ

ಅಪ್ಪ ಹೋಗಿ ಎರಡು ವರ್ಷ ಆಯ್ತು. ಪಹಣಿ, ಖಾತೆ, ಟ್ರಾಕ್ಟರು ಎಲ್ಲಾ ನನ್ನ ಹೆಸರಿಗೆ ಮಾಡಿಸ್ಕೊಂಡಿದ್ದಾಯ್ತು, ಟ್ರಾಕ್ಟರ್ ಹಿಂದೆ ನೇತಾಡೋ ಟ್ರೈಲರ್ ಬಗ್ಗೆ ಮಾತ್ರ ಯಾರಿಗೂ ನೆನಪೇ ಬರಲಿಲ್ಲ. ನಾನಿರೋದು ಮೈಸೂರಲ್ಲಿ, ಜಮೀನು ಪಾಂಡವಪುರದ ಹತ್ರ, ನೋಡ್ಕೊಳ್ಳೋದು ಚಿಕ್ಕಪ್ಪ. ಟ್ರಾಕ್ಟರ್ ಆರ್‌ಸಿಲೇ ಟ್ರೈಲರೂ ಸೇರ್ಕೊಂಡಿರುತ್ತೆ ಅಂತ ನಾನು ನೆಮ್ಮದಿಯಾಗಿದ್ದೆ. ಹಂಗಿಲ್ಲ. 1988ರ ಮೋಟಾರು ವಾಹನ ಕಾಯ್ದೆ ಪ್ರಕಾರ ಇಂಜಿನ್ ಇಲ್ದಿದ್ರೂ ಟ್ರೈಲರ್ ಕೂಡ ಒಂದು ಮೋಟಾರು ವಾಹನನೇ, ಅದಕ್ಕೆ ಅದರದ್ದೇ ನಂಬರು, ಅದರದ್ದೇ ಆರ್‌ಸಿ, ಇನ್ಶೂರೆನ್ಸೂ ಬೇಕು.

ಗೊತ್ತಾಗಿದ್ದು ಎಚ್‌ಎಸ್‌ಆರ್‌ಪಿ, ಅಂದ್ರೆ ಹೈ ಸೆಕ್ಯೂರಿಟಿ ನಂಬರ್ ಪ್ಲೇಟ್ ಬುಕ್ ಮಾಡಕ್ಕೆ ಕೂತಾಗ. 2019ರ ಏಪ್ರಿಲ್ 1ಕ್ಕೆ ಮೊದಲು ರಿಜಿಸ್ಟರ್ ಆಗಿರೋ ಗಾಡಿಗಳಿಗೆಲ್ಲ ಹೊಸ ಪ್ಲೇಟ್ ಹಾಕಿಸ್ಬೇಕು ಅಂತ ಆಯ್ತಲ್ಲ, ಆ ಲಿಸ್ಟಲ್ಲಿ ಟ್ರಾಕ್ಟರು ಟ್ರೈಲರೂ ಇವೆ. ಸೈಟಲ್ಲಿ ಚಾಸಿ ನಂಬರ್ ಕೇಳ್ತು, ಅಂದ್ರೆ ಗಾಡಿ ಕಟ್ಟೋರು ಅದರ ಅಡಿಕಟ್ಟಿಗೆ ಹಾಕಿರೋ ನಂಬರ್. ಚಿಕ್ಕಪ್ಪನಿಗೆ ಫೋನ್ ಮಾಡಿ ಟ್ರೈಲರ್ ಚಾಸಿ ನಂಬರ್ ನೋಡಿ ಹೇಳಿ ಅಂದ್ರೆ, 'ಅದಕ್ಯಾವ ನಂಬರ್ಲಾ ಮಗ, ಎರಡು ಚಕ್ರ ಒಂದು ಡಬ್ಬ ಅಷ್ಟೇಯ' ಅಂದ್ರು.

ಶನಿವಾರ ಊರಿಗೆ ಹೋದೆ. ಅಪ್ಪನ ಟ್ರಂಕಲ್ಲಿ ಸಿಕ್ಕಿದ್ದು ಒಂದೇ ಒಂದು ಚೀಟಿ, ಅಪ್ಪಂಗೆ ಟ್ರೈಲರ್ ಮಾರಿರೋದಾಗಿ ಕೈಯಲ್ಲಿ ಬರೆದು ಸ್ಟಾಂಪ್ ಅಂಟಿಸಿ ಸೈನ್ ಹಾಕಿದ್ದಾರೆ, ಕೆರಗೋಡು ಕಡೆಯವರು. ಆರ್‌ಸಿ ಇಲ್ಲ. ಟ್ರೈಲರ್ ಮೇಲೆ ಒಂದು ಕಡೆ ಕೆಎ 11 ಟಿ ಅಂತ ಬರೆದಿದ್ದು ಅರ್ಧ ಕಾಣ್ಸುತ್ತೆ, ಮುಂದಿನ ನಾಲ್ಕು ಅಂಕಿ ಇದ್ದ ತಗಡನ್ನ ಯಾವಾಗಲೋ ಕತ್ತರಿಸಿ ಹೊಸದು ವೆಲ್ಡಿಂಗ್ ಮಾಡ್ಸಿದ್ದಾರೆ. ಚಾಸಿ ಪ್ಲೇಟ್ ಇದ್ದ ಜಾಗದಲ್ಲಿ ರಿವೆಟ್ ತೂತು ನಾಲ್ಕು, ಪ್ಲೇಟ್ ಮಾಯ.

ಪರಿಚಯದವರು ಒಬ್ಬ ಏಜೆಂಟನ್ನ ತೋರ್ಸಿದ್ರು. ಆತ ಟೀ ಕುಡೀತಾ ಕುಡೀತಾನೇ 'ಅದೇನ್ ದೊಡ್ಡ ವಿಷ್ಯ ಸಾರ್, ಒಂದು ಹೊಸ ನಂಬರ್ ಪಂಚ್ ಹೊಡ್ಸಿ ಬಿಲ್ ಮಾಡ್ಸಿ ಹೊಸ ಟ್ರೈಲರ್ ಅಂತಲೇ ಪಾಸ್ ಮಾಡ್ಸೋಣ' ಅಂದ. ಸಲೀಸು ಅನ್ಸುತ್ತೆ ಕೇಳಕ್ಕೆ, ನನಗೂ ಒಂದು ನಿಮಿಷ ಆಸೆ ಆಯ್ತು ಸುಳ್ಳು ಯಾಕೆ ಹೇಳ್ಲಿ. ಆದ್ರೆ ನಾಳೆ ಆ ಟ್ರೈಲರ್ ಯಾರಿಗಾದ್ರೂ ತಾಗಿದ್ರೆ ಇನ್ಶೂರೆನ್ಸ್‌ನೋರು ಮೊದಲು ನೋಡೋದೇ ಚಾಸಿ ನಂಬರು, ಹಳೇ ನಂಬರ್ ಒಳಗಿದ್ದು ಮೇಲೆ ಹೊಸದು ಹೊಡೆದಿದ್ರೆ ಅದು ಕಳ್ಳಮಾಲಿಗೂ ನಮ್ಮ ಗಾಡಿಗೂ ಏನ್ ವ್ಯತ್ಯಾಸ? ನಂಬರ್ ನಿಜವಾಗ್ಲೂ ಸವೆದು ಹೋಗಿದ್ರೆ ಆರ್‌ಟಿಒಗೆ ಅರ್ಜಿ ಕೊಟ್ಟು, ಪರ್ಮಿಷನ್ ತಗೊಂಡು ಆಮೇಲೆ ಹೊಡ್ಸಬೇಕು. ನಾವಾಗೇ ಹೊಡ್ಸಂಗಿಲ್ಲ.

ದಾರಿ ತೋರ್ಸಿದ್ದು ಊರಿನ ವೆಲ್ಡಿಂಗ್ ಶಾಪಿನ ಅಣ್ಣ. ಪ್ಲೇಟ್ ಹೋದ್ರೂ ನಂಬರ್ ಹೋಗಿರಲ್ಲ, ಟ್ರೈಲರ್ ಕಟ್ಟೋರು ಚಾಸಿ ಕಬ್ಬಿಣದ ಮೇಲೂ ಪಂಚ್ ಹೊಡೆದಿರ್ತಾರೆ, ಮುಂದಗಡೆ ಹುಕ್ ಹತ್ರ, ಎತ್ತಿನ ಗಾಡಿ ಆಗಿದ್ರೆ ಮೂಕಿ ಇರ್ತಿತ್ತಲ್ಲ ಆ ಜಾಗದಲ್ಲಿ, ಬಲಗಡೆ ನೋಡಿ ಅಂದ್ರು. ನೋಡಿದ್ರೆ ಬರೀ ಪೇಂಟು. ಅಪ್ಪ ಪ್ರತಿ ಆಯುಧ ಪೂಜೆಗೂ ಟ್ರೈಲರಿಗೆ ಒಂದು ಕೋಟ್ ಹೊಡಿಸ್ತಿದ್ರು, ಒಂದು ವರ್ಷ ಕೆಂಪು ಒಂದು ವರ್ಷ ನೀಲಿ, ಅದೂ ತುಕ್ಕಿನ ಮೇಲೇನೇ. ಥಿನ್ನರ್ ಹಾಕಿ ಬಟ್ಟೇಲಿ ತಿಕ್ಕಿದ್ರೆ ನೀಲಿ ಹೋಗಿ ಕೆಂಪು, ಕೆಂಪು ಹೋಗಿ ಹಸಿರು, ಹಸಿರು ಹೋದ್ಮೇಲೆ ಗ್ರೀಸು ಮಣ್ಣು ಸೇರಿ ಗಟ್ಟಿಯಾಗಿರೋ ಒಂದು ಪದರ, ಅದನ್ನ ಸೀಮೆಎಣ್ಣೆ ಹಾಕಿ ವೈರ್ ಬ್ರಷಲ್ಲಿ ಕೆರೆದ್ವಿ. ಗ್ರೈಂಡರ್ ಮುಟ್ಬೇಡಿ, ನಂಬರೂ ಸೇರಿ ಹೋಗುತ್ತೆ ಅಂತ ಅಣ್ಣ ಮೊದಲೇ ಹೇಳಿದ್ರು. ಏನೋ ಗೀಟು ಗೀಟು ಕಾಣ್ತು ಆದ್ರೆ ಓದಕ್ಕಾಗಲ್ಲ. ಚಿಕ್ಕಮ್ಮ ಬಂದು ನೋಡಿ ದೇವ್ರ ಮನೆಯಿಂದ ವಿಭೂತಿ ಗಟ್ಟಿ ತಂದುಕೊಟ್ರು, ಅದನ್ನ ಉಜ್ಜಿ ಮೇಲಿಂದ ಒರೆಸಿದ್ರೆ ಪಂಚ್ ಒಳಗೆ ಮಾತ್ರ ಬಿಳಿ ನಿಲ್ತು. ಮೊಬೈಲ್ ಟಾರ್ಚನ್ನ ಅಡ್ಡಡ್ಡ ಹಿಡಿದಾಗ ಒಂದೊಂದೇ ಅಂಕಿ ಬಂತು. ಕೊನೇದು ಮಾತ್ರ 3ಓ 8ಓ ಗೊತ್ತಾಗ್ಲಿಲ್ಲ. ಪೇಪರ್ ಇಟ್ಟು ಪೆನ್ಸಿಲ್ ತಿಕ್ಕಿ ಪ್ರಿಂಟ್ ತಗೊಂಡೆ, ಫೋಟೋನೂ ಹತ್ತು ಹೊಡ್ಕೊಂಡೆ.

ಸೋಮವಾರ ರಜೆ ಹಾಕಿ ಆರ್‌ಟಿಒ ಆಫೀಸಿಗೆ ಹೋದೆ. ಕೇಳ್ಬೇಕಾಗಿದ್ದು ಆರ್‌ಸಿ ಅಲ್ಲ, ಮೊದಲು ಬಿ ಎಕ್ಸ್‌ಟ್ರಾಕ್ಟ್. ಅಂದ್ರೆ ರಿಜಿಸ್ಟರ್ ಪುಸ್ತಕದಲ್ಲಿ ಆ ಗಾಡಿ ಬಗ್ಗೆ ಏನೇನಿದೆಯೋ ಅದರ ನಕಲು. ಹಳೇ ಗಾಡಿ, ಆರ್‌ಟಿಒದವರ 'ವಾಹನ್' ಅನ್ನೋ ಕಂಪ್ಯೂಟರ್ ದಾಖಲೇಲಿ ಎಂಟ್ರಿನೇ ಆಗಿಲ್ಲ, ಹಳೇ ಪುಸ್ತಕ ನೋಡ್ಬೇಕು. ಚೀಟೀಲಿದ್ದ ಹೆಸರು, ಅರ್ಧಂಬರ್ಧ ಚಾಸಿ ನಂಬರ್ ಕೊಟ್ಟಿದ್ದಕ್ಕೆ ಅಲ್ಲಿನ ಮೇಡಂ ಪಾಪ ಎರಡು ಪುಸ್ತಕ ತಿರುವಿ ಹುಡುಕಿದ್ರು. ಸಿಕ್ತು! ಕೊನೇ ಅಂಕಿ 8. 1997ರ ರಿಜಿಸ್ಟ್ರೇಷನ್ನು, ಇವತ್ತಿಗೂ ಕೆರಗೋಡಿನವರ ಹೆಸರಲ್ಲೇ ಇದೆ, ಜೊತೆಗೆ ಬ್ಯಾಂಕ್ ಸಾಲದ ಹೈಪಾಥಿಕೇಷನ್, ಅಂದ್ರೆ ಸಾಲಕ್ಕೆ ಗಾಡಿ ಅಡ ಇದೆ ಅನ್ನೋ ಎಂಟ್ರಿ ಬೇರೆ. 15 ವರ್ಷಕ್ಕೆ ರಿಜಿಸ್ಟ್ರೇಷನ್ ಮುಗಿಯುತ್ತೆ ಅಲ್ವಾ, ಅಂದ್ರೆ 2012ಕ್ಕೇ ಮುಗಿದುಹೋಗಿದೆ. ಅಷ್ಟು ವರ್ಷ ನಾವು ಅದ್ರಲ್ಲೇ ಕಬ್ಬು ಹೊಡೆದಿದೀವಿ.

ಕೆರಗೋಡು ಕಡೆ ಹೋದ್ರೆ ಹಳೇ ಓನರೂ ಇಲ್ಲ, ತೀರ್ಕೊಂಡಿದಾರೆ. ಮಗ ಇದಾರೆ, ಒಳ್ಳೇ ಮನುಷ್ಯ, 'ನಿಮ್ಮಪ್ಪ ನಮ್ಮಪ್ಪಂಗೆ ಕೊನೇ ಕಂತು ಕೊಟ್ಟಾಗ ನಾನೇ ಎಣ್ಸಿದ್ದು ಕಣಣ್ಣ' ಅಂತ ಕಾಫಿ ಕೊಟ್ಟು ಸೈನ್ ಹಾಕಕ್ಕೆ ಒಪ್ಕೊಂಡ್ರು. ಒಪ್ಪದೇ ಇದ್ದಿದ್ರೆ ನನ್ನ ಕಥೆ ಅಲ್ಲಿಗೇ ಮುಗೀತಿತ್ತು. ಆಮೇಲಿನದು ಬರೀ ಫಾರಂ ಫಾರಂ ಫಾರಂ. ಬ್ಯಾಂಕಿಂದ ಸಾಲ ತೀರಿದೆ ಅಂತ ಲೆಟರ್ ತಂದು ಫಾರಂ 35. ಆರ್‌ಸಿ ಕಳೆದಿದೆ ಅಂತ ಸ್ಟೇಷನ್ನಲ್ಲಿ ಬರೆಸಿ ಡೂಪ್ಲಿಕೇಟ್‌ಗೆ ಫಾರಂ 26. ಓನರ್ ತೀರಿಕೊಂಡಿರೋದ್ರಿಂದ ಡೆತ್ ಸರ್ಟಿಫಿಕೇಟು ವಂಶವೃಕ್ಷ ಇಟ್ಟು ಮೊದಲು ಮಗನ ಹೆಸರಿಗೆ ಫಾರಂ 31, ಅವರಿಂದ ನನಗೆ 29 ಮತ್ತು 30, ಅದ್ರಲ್ಲಿ 29 ಎರಡು ಕಾಪಿ. ರಿನ್ಯೂವಲ್‌ಗೆ ಫಾರಂ 25. ಅಪ್ಪ ಅವತ್ತೇ ಎರಡು ಸೈನ್ ಹಾಕಿಸ್ಕೊಂಡಿದ್ರೆ ಇಷ್ಟೆಲ್ಲಾ ಇರ್ತಿರ್ಲಿಲ್ಲ, ಆದ್ರೆ ಆಗ ಯಾರು ಹಾಕಿಸ್ಕೊತಿದ್ರು, ಮಾತಿನ ಮೇಲೆ ವ್ಯಾಪಾರ.

ಇನ್ಸ್‌ಪೆಕ್ಷನ್ನಿಗೆ ಟ್ರೈಲರ್ ತಗೊಂಡು ಹೋಗಿದ್ದೇ ಒಂದು ಯಾತ್ರೆ, ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್‌ವೇ ಮೇಲೆ 2023ರ ಆಗಸ್ಟಿಂದ ಟ್ರಾಕ್ಟರ್ ಬಿಡಲ್ಲ, ಸರ್ವೀಸ್ ರೋಡಲ್ಲೇ ಕುಲುಕಾಡ್ಕೊಂಡು ಹೋಗ್ಬೇಕು. ಬ್ರೇಕ್ ಇನ್ಸ್‌ಪೆಕ್ಟರು ಬಗ್ಗಿ ನಂಬರ್ ನೋಡಿದ್ರು, ಬೆರಳಲ್ಲಿ ಸವರಿದ್ರು, ಅವರೇ ಪೆನ್ಸಿಲ್ ಪ್ರಿಂಟ್ ತೆಗೆದು ಪುಸ್ತಕದ ನಕಲಿನ ಜೊತೆ ಹೋಲಿಸಿದ್ರು. ಹಿಂದೆ ಕೆಂಪು ರಿಫ್ಲೆಕ್ಟರ್ ಇಲ್ಲ ಅಂತ ವಾಪಸ್ ಕಳ್ಸಿದ್ರು, ಅದಕ್ಕೆ ನನ್ನ ತಕರಾರಿಲ್ಲ, ರಾತ್ರಿ ಹೊತ್ತು ಕಬ್ಬಿನ ಟ್ರೈಲರ್ ಹಿಂದೆ ಬೈಕಲ್ಲಿ ಬಂದೋರಿಗೆ ಗೊತ್ತು ಅದು. ಎರಡನೇ ಸಲ ಪಾಸ್ ಆಯ್ತು.

ನಂಬರ್ ಇರೋ ಜಾಗಕ್ಕೆ ತೆಳ್ಳಗೆ ಗ್ರೀಸ್ ಹಚ್ಚಿ ಹಳೇ ಟ್ಯೂಬ್ ತುಂಡು ಸುತ್ತಿ ಕಟ್ಟಿದೀನಿ. ಈ ಸಲ ಆಯುಧ ಪೂಜೆಗೆ ಟ್ರೈಲರಿಗೆ ಹಳದಿ ಹೊಡ್ಸೋಣ ಅಂತಿದಾರೆ ಚಿಕ್ಕಪ್ಪ, ಹಿಂದಿನ ದಿನನೇ ಊರಿಗೆ ಹೋಗಿ ಪಕ್ಕದಲ್ಲಿ ನಿಂತ್ಕೋಬೇಕು ನಾನು.